ಅತ್ತೆಯ ಕಾಲಿಗೆ ಮನೆಚಪ್ಪಲಿ

ನನಗೆ ಹಿಮ್ಮಡಿ ನೋವು ಬಾರದೆ ಇದ್ದಿದ್ದರೆ ಅತ್ತೆಯ ಕಾಲಿಗೆ ಆದದ್ದು ಆಗುತ್ತಿರಲಿಲ್ಲ. ಇದನ್ನು ಹೇಳಿದರೆ ಎಲ್ಲರದ್ದೂ ಒಂದೇ ರಾಗ: "ಹಾಗೆಲ್ಲ ಮಂಡೆಬಿಸಿ ಮಾಡಬೇಡಿ ಟೀಚರ್, ಶುಗರ್ ಇದ್ದವರಿಗೆ ಇದೆಲ್ಲ ಇದ್ದದ್ದೇ." ಹೇಳುವವರಿಗೆ ಎಂತ ಹೋಗುತ್ತದೆ? ಆ ಚಪ್ಪಲಿ ತಂದವರು ಅವರಲ್ಲ. ತಂದವಳು ನಾನು, ಅದೂ ಅರ್ಧ ನನ್ನ ಸ್ವಾರ್ಥಕ್ಕೇ ತಂದವಳು. ಅದನ್ನೇ ಬರೆಯಲಿಕ್ಕೆ ಕೂತಿದ್ದೇನೆ.

ಹಿಮ್ಮಡಿ ನೋವು ಅನುಭವಿಸಿದವರಿಗೆ ವಿವರಿಸುವುದು ಬೇಡ. ಅನುಭವಿಸದವರಿಗೆ ಹೇಳುವುದಾದರೆ, ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟ ಕೂಡಲೇ ಕಾಲಡಿಗೆ ಮೊಳೆ ಹೊಡೆದ ಹಾಗೆ ಆಗುತ್ತದೆ. ಗೋಡೆ ಹಿಡಿದು ಹತ್ತು ಹೆಜ್ಜೆ ಕುಂಟಿದ ಮೇಲೆ ಸ್ವಲ್ಪ ಸಡಿಲ. ಆಮೇಲೆ ನನ್ನದು ಶಾಲೆಯ ಕೆಲಸ. ದಿನವಿಡೀ ಬೋರ್ಡಿನ ಮುಂದೆ ನಿಂತು, ಸಂಜೆ ಚೆಂಬೂರು ಸ್ಟೇಷನ್ನಿನ ಹತ್ತಿರ ಬಸ್ಸಿಳಿಯುವಾಗ ಮತ್ತೆ ಅದೇ ಮೊಳೆ. ಎರಡು ತಿಂಗಳು ಬಿಸಿನೀರು, ಉಪ್ಪು, ಎಣ್ಣೆ, ಎಲ್ಲ ಮಾಡಿದೆ. ಕೊನೆಗೆ ಡಾಕ್ಟರ ಹತ್ತಿರ ಹೋದೆ.

ಅವರು ಮೊದಲು ಕೇಳಿದ್ದೇ, "ಮನೆಯಲ್ಲಿ ಬರಿಗಾಲಲ್ಲಿ ಇರ್ತೀರಾ?" ಅಂತ. ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಶಾಲೆಯ ಮಕ್ಕಳಿಗೂ ಗೊತ್ತು. "ಮತ್ತೆ ಮನೆಯೊಳಗೆ ಯಾರಾದರೂ ಚಪ್ಪಲಿ ಹಾಕುತ್ತಾರಾ?" ಅಂದೆ. ಡಾಕ್ಟರು ನಕ್ಕರು. ಪಾದದ ಒಳಬದಿಯಲ್ಲಿ ಒಂದು ಕಮಾನು ಇರುತ್ತದೆ, ಗಟ್ಟಿ ಟೈಲ್ಸಿನ ಮೇಲೆ ಬರಿಗಾಲಲ್ಲಿ ನಿಂತೂ ನಿಂತೂ ಅದು ಕುಸಿಯುತ್ತದೆ, ಅದರಡಿಯ ನಾರು ಎಳೆದುಕೊಂಡು ಹಿಮ್ಮಡಿ ನೋಯುತ್ತದೆ ಅಂತ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಮಾತ್ರೆಗಿಂತ ಮುಖ್ಯ, ಮನೆಯೊಳಗೆ ಹಾಕಲಿಕ್ಕೆ ಕಮಾನಿಗೆ ಆಸರೆ ಕೊಡುವ ಚಪ್ಪಲಿ ಅಂದರು. ಹಾಸಿಗೆಯಿಂದ ಇಳಿಯುವಾಗಲೇ ಕಾಲು ಅದರೊಳಗೆ ಹೋಗಬೇಕಂತೆ.

ಹೇಳುವುದು ಸುಲಭ. ನಮ್ಮ ಮನೆಯಲ್ಲಿ ಅತ್ತೆ ಇದ್ದಾರೆ.

ಅತ್ತೆ ಉಡುಪಿ ಕಡೆಯವರು. ಮದುವೆಯಾಗಿ ಮುಂಬಯಿಗೆ ಬಂದು ಐವತ್ತು ವರ್ಷ ದಾಟಿತು. ಮಾವ ಮಾಟುಂಗದ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಿದ್ದರು, ಈಗಿಲ್ಲ. ಐವತ್ತು ವರ್ಷದಲ್ಲಿ ಚಾಳ್ ಹೋಗಿ ಬಿಲ್ಡಿಂಗ್ ಬಂತು, ಸಿಮೆಂಟಿನ ನೆಲ ಹೋಗಿ ಟೈಲ್ಸ್ ಬಂತು, ಆದರೆ ಚಪ್ಪಲಿ ಹೊಸ್ತಿಲು ದಾಟಿ ಒಳಗೆ ಬರಲಿಲ್ಲ. ನಮ್ಮದು ಒಂದು ಹಾಲ್, ಒಂದು ಬೆಡ್‌ರೂಮ್, ಒಂದು ಕಿಚನ್. ದೇವರೂ ಕಿಚನ್ನಿನಲ್ಲೇ, ಫ್ರಿಜ್ಜಿನ ಪಕ್ಕದ ಗೋಡೆಯಲ್ಲಿ. ಹಾಗಾಗಿ ಕಿಚನ್ನಿನಲ್ಲಿ ಚಪ್ಪಲಿ ಅಂದರೆ ದೇವರ ಮುಂದೆ ಚಪ್ಪಲಿ ಅಂತಲೇ ಲೆಕ್ಕ.

ಅದು ಬಿಟ್ಟರೂ, ನಾನು ಏನು ತಂದರೂ ಅವರಿಗೆ ಆಗಿಬರುವುದಿಲ್ಲ. ಮೂವತ್ತು ವರ್ಷದ ಅನುಭವದಿಂದ ಹೇಳುತ್ತಿದ್ದೇನೆ. ಸೀರೆ ತಂದರೆ ಕಣ್ಣಿಗೆ ಹೊಡೆಯುತ್ತದೆ. ಕುಕ್ಕರ್ ತಂದರೆ ಸೀಟಿ ಹೆಂಗಸು ಅತ್ತ ಹಾಗೆ ಕೇಳುತ್ತದೆ. ಮಾಟುಂಗದ ಮಾರ್ಕೆಟಿನಿಂದ ಅವರ ಊರ ಕಡೆಯ ಮಟ್ಟುಗುಳ್ಳ ಅಂತ ಬದನೆ ಹೊತ್ತು ತಂದರೆ ಮೂಸಿ ನೋಡಿ, "ಇದು ಮಟ್ಟುವಿನ ಮಣ್ಣು ಕಂಡದ್ದಲ್ಲ" ಅನ್ನುತ್ತಾರೆ. ಮಗ ಅದೇ ಅಂಗಡಿಯಿಂದ ಅದೇ ಬದನೆ ತಂದರೆ ಸಾಂಬಾರು ಒಳ್ಳೆಯದಾಗುತ್ತದೆ. ಮಗ ಅಂದರೆ ನನ್ನ ಗಂಡ. ಅವರಿಗೆ ಈ ಯುದ್ಧದ ಸುದ್ದಿಯೇ ಬೇಡ, ರಿಫೈನರಿಯ ಶಿಫ್ಟ್ ಮುಗಿಸಿ ಬಂದು ಪೇಪರ್ ಹಿಡಿದು ಕೂರುವ ಜನ.

ಆದರೂ ನನಗೆ ಚಪ್ಪಲಿ ಬೇಕೇ ಬೇಕಿತ್ತು. ಸ್ಟೇಷನ್ ರಸ್ತೆಯ ಅಂಗಡಿಗೆ ಒಂದಲ್ಲ, ಮೂರು ಸಲ ಹೋದೆ. ಟೀಚರ್ ಅಲ್ಲವಾ, ಮೊದಲೇ ಎಲ್ಲ ಓದಿಕೊಂಡಿದ್ದೆ. ಬೆಳಿಗ್ಗೆ ಕೊಳ್ಳಬಾರದು, ಸಂಜೆಗೆ ಕಾಲು ಸ್ವಲ್ಪ ಊದಿರುತ್ತದೆ, ಆಗ ಕೊಳ್ಳಬೇಕು. ಕೂತು ನೋಡಬಾರದು, ನಿಂತು ನೋಡಬೇಕು, ನಿಂತಾಗ ಪಾದ ಹರಡಿಕೊಳ್ಳುತ್ತದೆ. ಒಂದು ಕಾಲಿಗೆ ಹಾಕಿದರೆ ಸಾಲದು, ಎರಡಕ್ಕೂ ಹಾಕಬೇಕು. ಚಪ್ಪಲಿಯ ಎರಡು ತುದಿ ಹಿಡಿದು ಬಗ್ಗಿಸಿದರೆ ಬೆರಳಿನ ಹತ್ತಿರ ಬಗ್ಗಬೇಕು, ನಡುವಿನಲ್ಲಿ ಬಗ್ಗಿದರೆ ಅದು ಬರೀ ಸ್ಪಂಜು. ಕಮಾನಿನ ಜಾಗದಲ್ಲಿ ಹೆಬ್ಬೆರಳು ಒತ್ತಿದರೆ ಸ್ವಲ್ಪ ಇಳಿದು ಎದುರು ನಿಲ್ಲಬೇಕು. ಅಂಗಡಿಯವ ಮೊದಲ ದಿನ "ಚಲ್ ಕೇ ದೇಖೋ ಮೇಡಂ", ನಡೆದು ನೋಡಿ ಅಂತ ಖುಷಿಯಲ್ಲಿ ಹೇಳಿದವ, ಮೂರನೇ ದಿನ ನನ್ನನ್ನು ಕಂಡ ಕೂಡಲೇ ಚಾಯ್ ಕುಡಿಯಲಿಕ್ಕೆ ಹೊರಟ. ನಾನು ಅವನ ಅಂಗಡಿಯೊಳಗೇ ಆಚೆ ಈಚೆ ನಡೆದು, ತುದಿಗಾಲಲ್ಲಿ ನಿಂತು, ಕೊನೆಗೆ ಒಂದು ಜೊತೆ ಆರಿಸಿದೆ. ಕಂದು ಬಣ್ಣ, ಎತ್ತರದ ಕಮಾನು, ಹಿಮ್ಮಡಿ ಕೂರಲಿಕ್ಕೆ ತಗ್ಗು, ಮೇಲೆ ಅಗಲದ ವೆಲ್ಕ್ರೋ ಪಟ್ಟಿ.

ಮನೆಗೆ ತಂದೆ. ಅತ್ತೆ ಸೋಫಾದಲ್ಲಿ ಕೂತು ನೋಡಿದರು. "ಇದೆಂತ, ಆಸ್ಪತ್ರೆಯದ್ದಾ?" ಅಂದರು. ಡಾಕ್ಟರು ಹೇಳಿದ್ದು ವಿವರಿಸಿದೆ. "ನಿನ್ನ ಡಾಕ್ಟ್ರ ಮನೆಯಲ್ಲಿ ದೇವರಿಲ್ಲವಾ ಹಾಗಾದರೆ?" ಅಂತ ಕೇಳಿದರು. ಒಂದು ವಾರ ಜಗಳ ನಡೆಯಿತು. ಕೊನೆಗೆ ಒಪ್ಪಂದ ಆಯಿತು. ಅದು ಹೊಸ್ತಿಲಿನಿಂದ ಹೊರಗೆ ಹೋಗಬಾರದು, ಹಾಲ್‌ನಲ್ಲಿ ಬೆಡ್‌ರೂಮಿನಲ್ಲಿ ಹಾಕಬಹುದು, ಕಿಚನ್ನಿನ ಬಾಗಿಲಲ್ಲಿ ಬಿಡಬೇಕು. ಈಗ ನೀವೇ ಹೇಳಿ, ಶಾಲೆಯಿಂದ ಬಂದ ಹೆಂಗಸು ಮನೆಯಲ್ಲಿ ನಿಂತುಕೊಳ್ಳುವುದು ಎಲ್ಲಿ, ಹಾಲ್‌ನಲ್ಲಾ? ನಾನು ನಿಲ್ಲುವುದೇ ಗ್ಯಾಸಿನ ಎದುರು. ಬೇಕಾದ ಕಡೆ ಬರಿಗಾಲು, ಬೇಡದ ಕಡೆ ಚಪ್ಪಲಿ. ಆದರೂ ತಿಂಗಳಲ್ಲಿ ಅರ್ಧ ನೋವು ಕಡಿಮೆಯಾಯಿತು. ಕಿಚನ್ನಿಗೂ ಹಾಕಲಿಕ್ಕೆ ಬಿಟ್ಟರೆ ಪೂರ್ತಿ ಹೋಗುತ್ತದೆ ಅಂತ ನನಗೆ ಗೊತ್ತಿತ್ತು. ದಿನಾ ಆ ಬಾಗಿಲಲ್ಲಿ ವೆಲ್ಕ್ರೋ ಚರ್ರೆಂದು ಕೀಳುವಾಗ ಮೈಯೆಲ್ಲ ಉರಿಯುತ್ತಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ಅತ್ತೆಗೆ ಶುಗರ್ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಅದರಲ್ಲಿ ಎರಡು ಮೂರು ವರ್ಷ ಅಂಗಾಲು ಉರಿಯುತ್ತದೆ ಅಂತ ಒದ್ದಾಡಿದ್ದರು. ಒದ್ದೆ ಬಟ್ಟೆ ಸುತ್ತಿಕೊಂಡು ಮಲಗುತ್ತಿದ್ದರು. ಊರಿನ ದೇವರಿಗೆ ಹರಕೆ ಹೇಳಿಕೊಂಡರು. ಕಳೆದ ವರ್ಷ ಉರಿ ತಾನಾಗಿಯೇ ನಿಂತಿತು. ಹರಕೆ ಕಳಿಸಿದೆವು, ಪಾಯಸ ಮಾಡಿದೆವು. ಶುಗರ್ ಕಾಯಿಲೆಯಲ್ಲಿ ಕಾಲಿನ ಉರಿ ನಿಂತರೆ ಅದು ವಾಸಿಯಾದದ್ದಲ್ಲ, ಕಾಲಿನ ಜೀವವೇ ಹೋಗುತ್ತಿರಬಹುದು ಅಂತ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನೂ ಆ ಪಾಯಸ ಎರಡು ಲೋಟ ಕುಡಿದಿದ್ದೆ.

ಆಮೇಲೆ ಅವರ ನಡಿಗೆ ಬದಲಾಯಿತು. ಪಾದ ಎತ್ತಿ ಎತ್ತಿ ಇಡುತ್ತಿದ್ದರು, ನೆಲಕ್ಕೆ ದಪ್ ದಪ್ ಅಂತ ಸದ್ದು. ಒಂದು ದಿನ, "ಈ ಟೈಲ್ಸ್ ಈಗ ಹತ್ತಿ ಹಾಸಿದ ಹಾಗೆ ಉಂಟು ಮಾರಾಯ್ತಿ" ಅಂದರು. ನನಗೆ ನಗು ಬಂತು. ನನ್ನ ಹಿಮ್ಮಡಿಗೆ ಮೊಳೆ ಹೊಡೆಯುವ ಟೈಲ್ಸ್ ಇವರಿಗೆ ಹತ್ತಿಯಂತೆ, ನನಗೆ ಚುಚ್ಚಲಿಕ್ಕೇ ಹೇಳುತ್ತಿದ್ದಾರೆ ಅಂದುಕೊಂಡೆ. ಮತ್ತೊಂದು ದಿನ ಬಾತ್‌ರೂಮಿನ ಬಾಗಿಲಲ್ಲಿ ಜಾರಿದರು. ಗೋಡೆ ಹಿಡಿದುಕೊಂಡದ್ದರಿಂದ ಬೀಳಲಿಲ್ಲ.

ಆ ದಿನ ನನ್ನ ತಲೆಗೆ ಹೊಳೆಯಿತು. ಅತ್ತೆಗೂ ಒಂದು ಜೊತೆ ಚಪ್ಪಲಿ ತರಬೇಕು. ಜಾರುವುದಿಲ್ಲ, ಕಾಲಿಗೆ ಆಸರೆ ಸಿಗುತ್ತದೆ. ಇದು ಗಂಡನಿಗೆ ಹೇಳಿದ ಕಾರಣ, ಸುಳ್ಳಲ್ಲ. ಆದರೆ ಅದರ ಹಿಂದೆ ಇನ್ನೊಂದಿತ್ತು. ಅತ್ತೆಯ ಕಾಲಿಗೇ ಚಪ್ಪಲಿ ಬಂದರೆ ಕಿಚನ್ನಿನ ಬಾಗಿಲು ನನಗೆ ಅಡ್ಡ ಬರುವುದಿಲ್ಲ. ಅವರು ಹಾಕಿಕೊಂಡು ಒಳಗೆ ಹೋದ ದಿನ ನಾನೂ ಹೋಗಬಹುದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಅಷ್ಟೇ ನನ್ನ ಲೆಕ್ಕಾಚಾರ.

ನಮ್ಮ ಬಿಲ್ಡಿಂಗಿಗೆ ಲಿಫ್ಟ್ ಇಲ್ಲ. ಎರಡು ಮಾಳಿಗೆ ಇಳಿದು ಅಂಗಡಿಗೆ ಬನ್ನಿ ಅಂದರೆ ಅತ್ತೆ ಬರುವ ಪೈಕಿಯೇ ಅಲ್ಲ. "ಅಳತೆ ತಕ್ಕೊಂಡು ಹೋಗು" ಅಂದರು. ಊರಿನಲ್ಲಿ ಪೇಟೆಗೆ ಹೋಗುವವರ ಕೈಯಲ್ಲಿ ಮನೆಮಂದಿಯ ಕಾಲಿನ ಅಳತೆ ಕೊಟ್ಟು ಕಳಿಸುವುದು ಹೀಗೆಯೇ: ಹಿಡಿಸೂಡಿಯಿಂದ, ಅಂದರೆ ಪೊರಕೆಯಿಂದ, ಒಂದು ತೆಂಗಿನ ಕಡ್ಡಿ ಎಳೆದು, ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಹಿಡಿದು, ಅಲ್ಲಿಗೆ ಮುರಿಯುವುದು. ನನ್ನ ತಾಯಿಯೂ ಹಾಗೆಯೇ ಮಾಡುತ್ತಿದ್ದರು. ಅತ್ತೆ ಸೋಫಾದಲ್ಲಿ ಕೂತು ಕಾಲು ಚಾಚಿದರು. ನಾನು ಕಡ್ಡಿ ಹಿಡಿದು ಮುರಿದೆ. ಎರಡನೇ ಕಾಲನ್ನು ಅಳೆಯಲೂ ಇಲ್ಲ, ಎರಡೂ ಒಂದೇ ಅಲ್ಲವಾ ಅಂತ.

ನನಗೆ ಅಂತ ತರುವಾಗ ಮೂರು ಸಂಜೆ ಅಂಗಡಿಯಲ್ಲಿ ನಡೆದಾಡಿದವಳು, ಅವರಿಗೆ ಅಂತ ತರುವಾಗ ಒಂದು ಕಡ್ಡಿ ಹಿಡಿದುಕೊಂಡು ಶಾಲೆಯಿಂದ ಬರುವ ದಾರಿಯಲ್ಲಿ ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿದೆ. ಅಂಗಡಿಯವ ಕಡ್ಡಿಯನ್ನು ತಿರುಗಿಸಿ ನೋಡಿ, "ಯೇ ಕ್ಯಾ ಹೈ ಮೇಡಂ?" ಅಂದ. ಅಳತೆ ಅಂದೆ. ಅವನು ಚಪ್ಪಲಿಯೊಳಗೆ ಇಟ್ಟು ನೋಡಿದ, ಸರಿಯಾಗಿ ಕೂತಿತು. ನನ್ನದೇ ಮಾದರಿ, ಅದೇ ಎತ್ತರದ ಕಮಾನು, ಅದೇ ಪಟ್ಟಿ. ಕಡ್ಡಿಗೆ ಉದ್ದ ಇರುತ್ತದೆ, ಅಗಲ ಇರುವುದಿಲ್ಲ. ಇಷ್ಟು ಸಣ್ಣ ವಿಷಯ ಗಣಿತವನ್ನೂ ಕಲಿಸುವ ನನಗೆ ಹೊಳೆಯಲಿಲ್ಲ.

ಮನೆಗೆ ಬಂದು ಅವರ ಕಾಲಿಗೆ ಹಾಕಿದೆ. ಪಟ್ಟಿ ಎಳೆದು ಅಂಟಿಸಿದೆ. ಅತ್ತೆ ಎದ್ದು ನಿಂತರು. ಹಾಲ್‌ನ ಆ ತುದಿಯವರೆಗೆ ಹೋಗಿ ಬಂದರು. ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಬಣ್ಣ ಸರಿ ಇಲ್ಲ ಅನ್ನುತ್ತಾರೋ, ಭಾರ ಅನ್ನುತ್ತಾರೋ, ಕಚ್ಚುತ್ತದೆ ಅನ್ನುತ್ತಾರೋ. ಹೊಸ ಚಪ್ಪಲಿ ಕಚ್ಚದೆ ಇರುತ್ತದಾ? ಹಚ್ಚಲಿಕ್ಕೆ ತೆಂಗಿನೆಣ್ಣೆಯನ್ನೂ ತಂದಿಟ್ಟುಕೊಂಡಿದ್ದೆ.

"ಹಾಯಾಗಿ ಉಂಟು" ಅಂದರು.

ನನಗೆ ನಂಬಿಕೆ ಬರಲಿಲ್ಲ. "ಎಲ್ಲಾದರೂ ಒತ್ತುತ್ತದಾ ಅತ್ತೆ? ಕಿರುಬೆರಳಿನ ಹತ್ತಿರ?" ಅಂತ ಕೇಳಿದೆ. "ಎಲ್ಲಿಯೂ ಇಲ್ಲ. ಹಾಕಿದ್ದೇ ಗೊತ್ತಾಗುವುದಿಲ್ಲ" ಅಂದರು. ಗಂಡ ಪೇಪರ್ ಕೆಳಗಿಳಿಸಿ ನನ್ನ ಮುಖ ನೋಡಿದರು. ನಾನು ಕಿಚನ್ನಿಗೆ ಹೋಗಿ ಚಹಾ ಇಟ್ಟೆ, ಸುಮ್ಮನೆ ಸಂತೋಷ. ಮೂವತ್ತು ವರ್ಷದಲ್ಲಿ ನಾನು ತಂದ ಒಂದು ವಸ್ತು ಪಾಸಾಯಿತು. ಮರುದಿನ ಸ್ಟಾಫ್‌ರೂಮಿನಲ್ಲಿ ಎಲ್ಲರಿಗೂ ಹೇಳಿದೆ, ಒಬ್ಬ ಟೀಚರ್ ಅಂತೂ ಅಂಗಡಿಯ ದಾರಿಯನ್ನೂ ಬರೆದುಕೊಂಡಳು.

ಆಮೇಲೆ ಅತ್ತೆ ಆ ಚಪ್ಪಲಿ ಬಿಡಲಿಲ್ಲ. ಸ್ನಾನ ಆದ ಕೂಡಲೇ ಹಾಕಿದರೆ ಮಲಗುವಾಗಲೇ ತೆಗೆಯುವುದು. ಮೊದಲ ವಾರ ಕಿಚನ್ನಿನ ಬಾಗಿಲಲ್ಲಿ ಬಿಡುತ್ತಿದ್ದರು. ಬಗ್ಗಿ ಪಟ್ಟಿ ಕೀಳುವುದು ಅವರಿಗೆ ಕಷ್ಟ. ಎರಡನೇ ವಾರ ಒಂದು ಸಂಜೆ ಹಾಕಿಕೊಂಡೇ ಒಳಗೆ ಬಂದು, ದೇವರ ಕಡೆ ನೋಡಿ, "ಬಟ್ಟೆಯದ್ದಲ್ಲವಾ, ದೋಷ ಇಲ್ಲ" ಅಂತ ತಾವೇ ತೀರ್ಪು ಕೊಟ್ಟರು. ಅದು ಬಟ್ಟೆಯದ್ದಲ್ಲ, ರೆಕ್ಸಿನ್ನಿನದ್ದು. ನಾನು ತಿದ್ದಲಿಲ್ಲ. ಮರುದಿನದಿಂದ ನಾನೂ ಹಾಕಿಕೊಂಡೇ ಅಡುಗೆ ಮಾಡಿದೆ. ನನ್ನ ಹಿಮ್ಮಡಿ ನೋವು ಪೂರ್ತಿ ಹೋದದ್ದು ಆ ವಾರ.

ಮೂರನೇ ವಾರ ಮನೆಯಲ್ಲಿ ಒಂದು ವಾಸನೆ ಶುರುವಾಯಿತು. ಮಳೆಗಾಲ, ಬಟ್ಟೆ ಒಣಗುವುದಿಲ್ಲ, ಚೆಂಬೂರಿನ ಗಾಳಿಯೇ ಹಾಗೆ ಅಂತ ಎರಡು ದಿನ ಸುಮ್ಮನಿದ್ದೆ. ಆಮೇಲೆ ಇಲಿ ಸತ್ತಿದೆ ಅಂತ ಗಂಡನ ಕೈಯಲ್ಲಿ ಫ್ರಿಜ್ ಸರಿಸಿದೆ, ಸೋಫಾ ಎಳೆಸಿದೆ. ಸೋಫಾದಲ್ಲಿ ಕೂತಿದ್ದ ಅತ್ತೆ ಎದ್ದು ನಿಂತು, "ಮನೆ ಸಾರಿಸಲಿಕ್ಕೆ ಪುರುಸೊತ್ತಿಲ್ಲದಿದ್ದರೆ ಹೀಗೇ" ಅಂತ ನನಗೆ ಹೇಳಿದರು. ನಾನೂ ಸುಮ್ಮನಿರಲಿಲ್ಲ, ಏನೋ ಒರಟಾಗಿ ಅಂದೆ. ಇಲಿ ಸಿಗಲಿಲ್ಲ.

ಅದಾಗಿ ಮರುದಿನ ಚೌತಿ. ಬೆಳಿಗ್ಗೆ ಬೇಗ ಪೂಜೆ ಮುಗಿಯಿತು. ಕೆಳಗೆ ಗಲ್ಲಿಯಲ್ಲಿ ಆಗಲೇ ಢೋಲು ಬಡಿಯುತ್ತಿದ್ದರು. ನಮ್ಮಲ್ಲಿ ಹಬ್ಬದ ದಿನ ಪೂಜೆ ಆದ ಮೇಲೆ ಹಿರಿಯರಿಗೆ ಕಾಲು ಮುಟ್ಟಿ ನಮಸ್ಕಾರ ಮಾಡುವ ಕ್ರಮ. ವರ್ಷಕ್ಕೆ ನಾಲ್ಕೈದು ಸಲ ನಾನು ಅತ್ತೆಯ ಕಾಲನ್ನು ಹತ್ತಿರದಿಂದ ನೋಡುವುದು ಆಗ ಮಾತ್ರ. ಉಳಿದ ದಿನ ಸೀರೆಯ ನೆರಿಗೆ ಪಾದ ಮುಚ್ಚಿರುತ್ತದೆ; ಬಗ್ಗಿ ನೋಡಿಕೊಳ್ಳಲಿಕ್ಕೆ ಅವರಿಗೂ ಆಗುವುದಿಲ್ಲ, ಕಣ್ಣೂ ಮಂಜು.

ಗಂಡ ಮಾಡಿದರು. ಅವರು ಶಾಸ್ತ್ರಕ್ಕೆ ಮೊಣಕಾಲಿನವರೆಗೆ ಬಗ್ಗಿ ಎದ್ದುಬಿಡುವವರು, ಚಪ್ಪಲಿಯ ನೆನಪೇ ಯಾರಿಗೂ ಬರಲಿಲ್ಲ. ನನ್ನ ಸರದಿ ಬಂದಾಗ ಅತ್ತೆ, "ತಡಿ, ಚಪ್ಪಲಿ ಮೆಟ್ಟಿ ನಮಸ್ಕಾರ ತಕ್ಕೊಳ್ಳಬಾರದು" ಅಂದರು. ನಾನೇ ಬಗ್ಗಿ ಪಟ್ಟಿ ಕಿತ್ತೆ. ಬಲಗಾಲಿನದ್ದು ಬಂತು. ಎಡಗಾಲಿನದ್ದು ಬರಲಿಲ್ಲ. ಪಟ್ಟಿ ಬಿಚ್ಚಿದೆ, ಆದರೂ ಚಪ್ಪಲಿ ಕಾಲಿಗೆ ಅಂಟಿಕೊಂಡೇ ಇತ್ತು. ಸ್ವಲ್ಪ ಜೋರಾಗಿ ಎಳೆದೆ. ಆಗ ಆ ವಾಸನೆ ಮುಖಕ್ಕೆ ಬಡಿಯಿತು. ಚಪ್ಪಲಿಯ ಒಳಗೆ ಅಂಚು ಕಪ್ಪಾಗಿ ಒದ್ದೆಯಾಗಿತ್ತು. ಪಾದದಲ್ಲಿ ಕಿರುಬೆರಳಿನ ಬದಿಗೆ, ಪಟ್ಟಿಯ ಹೊಲಿಗೆ ಒತ್ತುವ ಕಡೆ, ನನ್ನ ಹೆಬ್ಬೆರಳು ಹೋಗುವಷ್ಟು ದೊಡ್ಡ ತೂತು. ಅದರೊಳಗೆ ಬಿಳಿಯಾಗಿ ಏನೋ ಕಾಣುತ್ತಿತ್ತು.

ಅತ್ತೆಗೆ ಏನೂ ಗೊತ್ತಿಲ್ಲ. ನಾನು ನಮಸ್ಕಾರಕ್ಕೆ ಬಗ್ಗಿದ್ದೇನೆ ಅಂತ ತಿಳಿದು ನನ್ನ ತಲೆಯ ಮೇಲೆ ಕೈ ಇಟ್ಟು "ದೀರ್ಘ ಸುಮಂಗಲೀ ಭವ" ಅಂದರು. ಆಮೇಲೆ, "ಏಳು, ಪಂಚಕಜ್ಜಾಯ ಕೊಡು" ಅಂದರು. ನಾನು ಎಳೆದ ಎಳೆತಕ್ಕೆ ಚರ್ಮ ಕಿತ್ತು ರಕ್ತ ಬರುತ್ತಿತ್ತು. ಅವರು ಆ ಕಾಲಿನ ಮೇಲೆ ಭಾರ ಹಾಕಿ ಆರಾಮವಾಗಿ ನಿಂತಿದ್ದರು.

ಆಟೋದಲ್ಲಿ ನರ್ಸಿಂಗ್ ಹೋಮಿಗೆ ಹೋಗುವಾಗ ದಾರಿಯುದ್ದಕ್ಕೂ ಗಣಪತಿಯ ಮೆರವಣಿಗೆ. ಅತ್ತೆ ಕೂತಲ್ಲಿಂದಲೇ ಕೈಮುಗಿಯುತ್ತಿದ್ದರು. "ಸಣ್ಣ ಗಾಯಕ್ಕೆ ಎಂತಕ್ಕೆ ಇಷ್ಟು ಗಡಿಬಿಡಿ, ಅರಸಿನ ಹಚ್ಚಿದರೆ ಸಾಕಿತ್ತು" ಅಂದರು. ಚಪ್ಪಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮಡಿಲಲ್ಲಿ ಇಟ್ಟುಕೊಂಡಿದ್ದೆ, ಯಾಕೆ ತಂದೆ ಅಂತ ನನಗೇ ಗೊತ್ತಿಲ್ಲ.

ಅಲ್ಲಿಯ ಸರ್ಜನ್ ಮರಾಠಿಯವರು, ನಮ್ಮ ಹತ್ತಿರ ಹಿಂದಿಯಲ್ಲಿ ಮಾತಾಡಿದರು. ಗಾಯ ತೊಳೆದು ನೋಡಿದರು, ಎಕ್ಸ್‌ರೇ ತೆಗೆಸಿದರು. ಮೂಳೆಗೆ ಇಳಿದಿದೆ, ಕಿರುಬೆರಳು ತೆಗೆಯಲೇಬೇಕು ಅಂದರು. ಅಲ್ಲಿಗೆ ನಿಂತರೆ ಪುಣ್ಯ, ಮೇಲೆ ಏರಿದರೆ ಪಾದ, ಇನ್ನೂ ಏರಿದರೆ ಅಂತ ತಮ್ಮ ಮೊಣಕಾಲಿನ ಕೆಳಗೆ ಕೈ ಅಡ್ಡ ಹಿಡಿದು ತೋರಿಸಿದರು. ಆಮೇಲೆ ಚೀಲ ಕಂಡು ಚಪ್ಪಲಿ ಕೇಳಿ ತೆಗೆದುಕೊಂಡರು. ಒಳಗೆ ಕೈ ಹಾಕಿ ಹೊಲಿಗೆಯನ್ನು ಬೆರಳಿನಿಂದ ಸವರಿದರು. ಅಳತೆ ಹೇಗೆ ತೆಗೆದಿರಿ ಅಂತ ಕೇಳಿದರು. ಪೊರಕೆಯ ಕಡ್ಡಿಯ ಕಥೆ ಹೇಳಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. "ಉದ್ದ ಸರಿಯಾಗಿಯೇ ಇದೆ" ಅಂದರು, ಅಷ್ಟೇ. ಬೈದಿದ್ದರೆ ನಾನೂ ಎರಡು ಮಾತು ತಿರುಗಿಸಿ ಹೇಳಿ ಹಗುರಾಗುತ್ತಿದ್ದೆ.

ಆಮೇಲೆ ಒಂದು ಪರೀಕ್ಷೆ ಮಾಡಿದರು. ಸಣ್ಣ ಹಿಡಿಕೆಗೆ ಸಿಕ್ಕಿಸಿದ ಒಂದು ಪ್ಲಾಸ್ಟಿಕ್ ಎಳೆ, ಗಾಳದ ದಾರದಷ್ಟು ದಪ್ಪ. ಅತ್ತೆ ಕಣ್ಣು ಮುಚ್ಚಬೇಕು, ಎಳೆ ಪಾದಕ್ಕೆ ತಾಗಿದಾಗ "ಹೂಂ" ಅನ್ನಬೇಕು. ನಾನು ಕನ್ನಡದಲ್ಲಿ ವಿವರಿಸಿದೆ. ಅತ್ತೆ ಕಣ್ಣು ಮುಚ್ಚಿ ನೆಟ್ಟಗೆ ಕೂತರು. ಡಾಕ್ಟರು ಹೆಬ್ಬೆರಳಿನ ಅಡಿಗೆ ಎಳೆಯನ್ನು ಬಾಗುವಷ್ಟು ಒತ್ತಿದರು. ಮಾತಿಲ್ಲ. ಅಂಗಾಲಿನ ನಡುವೆ ಒತ್ತಿದರು. ಮಾತಿಲ್ಲ. ಎಳೆಯನ್ನು ಹಿಂದೆ ತೆಗೆದು ಸುಮ್ಮನೆ ನಿಂತರು. ಆಗ ಅತ್ತೆ "ಹೂಂ" ಅಂದರು. ಸ್ವಲ್ಪ ಬಿಟ್ಟು ಮತ್ತೊಮ್ಮೆ "ಹೂಂ". ಕಾಲಿನ ಹತ್ತಿರ ಏನೂ ಇರಲಿಲ್ಲ.

ನನಗೆ ಆ ಹೂಂ ಚೆನ್ನಾಗಿ ಪರಿಚಯ. ಪಾಠ ಮುಗಿಸಿ "ಗೊತ್ತಾಯಿತಾ?" ಅಂತ ಕೇಳಿದರೆ ಹಿಂದಿನ ಬೆಂಚಿನಿಂದ ಬರುವ ಹೂಂ ಅದು. ಏನೂ ಗೊತ್ತಾಗಿರುವುದಿಲ್ಲ, ಗೊತ್ತಾಗಲಿಲ್ಲ ಅಂತ ಹೇಳಲಿಕ್ಕೆ ನಾಚಿಕೆ. ಅಂಥ ಮಗುವನ್ನು ನಾನು ಒಂದೇ ನೋಟಕ್ಕೆ ಹಿಡಿಯುತ್ತೇನೆ. ಮನೆಯಲ್ಲಿ ಒಂದು ವರ್ಷ ಕಣ್ಣೆದುರೇ ಇದ್ದದ್ದನ್ನು ಹಿಡಿಯಲಿಲ್ಲ. ನಾನು ಹೊರಗೆ ಕಾರಿಡಾರಿಗೆ ಹೋಗಿ ಅತ್ತುಬಿಟ್ಟೆ. ಬಹಳ ವರ್ಷದಿಂದ ಅತ್ತಿರಲಿಲ್ಲ, ಸಿಟ್ಟು ಮಾಡಿಯೇ ಕೆಲಸ ನಡೆಸಿದವಳು. ನನ್ನ ಮೇಲೆ ಹೇಸಿಗೆಯಾಯಿತು.

ಕಿರುಬೆರಳು ತೆಗೆದರು. ಅದರ ಪಕ್ಕದ್ದನ್ನು ಉಳಿಸಬಹುದಾ ಅಂತ ಐದು ದಿನ ಕಾದರು. ಆ ಐದು ದಿನ ದಿನಾ ಡ್ರೆಸ್ಸಿಂಗ್ ಬಿಚ್ಚುವಾಗ ನಾನು ಡಾಕ್ಟರ ಮುಖವನ್ನೇ ನೋಡುತ್ತಿದ್ದೆ, ಕಾಲನ್ನು ನೋಡುವ ಧೈರ್ಯ ಇರಲಿಲ್ಲ. ಐದನೇ ದಿನ ಅದನ್ನೂ ತೆಗೆದರು. ಪಾದ ಉಳಿಯಿತು. ಡಾಕ್ಟರು ಇದು ಅದೃಷ್ಟ ಅಂದರು. ಗಂಡನೂ ಅದೃಷ್ಟ ಅಂದರು. ನನಗೆ ಅದೃಷ್ಟ ಅನ್ನಲಿಕ್ಕೆ ಬಾಯಿ ಬರಲಿಲ್ಲ.

ಒಂದು ಮಧ್ಯಾಹ್ನ ವಾರ್ಡಿನಲ್ಲಿ ನಾವಿಬ್ಬರೇ ಇದ್ದಾಗ ತಡೆಯಲಾಗದೆ ಕೇಳಿದೆ. ಮೆತ್ತಗೆ ಕೇಳಬೇಕೆಂದೇ ಇದ್ದೆ, ಬಾಯಿಗೆ ಬಂದದ್ದು ಜಗಳದ ದನಿಯೇ. "ಮೂವತ್ತು ವರ್ಷ ನಾನು ತಂದ ಎಲ್ಲದಕ್ಕೂ ಕೊಂಕು ತೆಗೆದಿರಿ. ಇದೊಂದಕ್ಕೆ ಯಾಕೆ ಹಾಯಾಗಿದೆ ಅಂದಿರಿ? ಕಾಲಿಗೆ ಗೊತ್ತಾಗುವುದಿಲ್ಲ ಅಂತ ಒಂದು ಮಾತು ಹೇಳಬಾರದಿತ್ತಾ?"

ಅತ್ತೆ ಹೊದಿಕೆ ಸರಿಮಾಡಿಕೊಂಡರು. "ಮೊದಲು ಉರಿ ಇತ್ತು. ಆಮೇಲೆ ಉರಿ ಹೋಯಿತು. ನೆಲ ತಣ್ಣಗೆ ಅಂತಲೂ ಇಲ್ಲ, ಗಟ್ಟಿ ಅಂತಲೂ ಇಲ್ಲ. ನೀನು ಅದನ್ನು ಹಾಕಿದಾಗಲೂ ಹಾಗೆಯೇ. ಒತ್ತುವುದೂ ಇಲ್ಲ, ಚುಚ್ಚುವುದೂ ಇಲ್ಲ, ಕೊಂಕು ತೆಗೆಯಲಿಕ್ಕೆ ಏನೂ ಸಿಗಲಿಲ್ಲ" ಅಂದರು. "ಏನೂ ಗೊತ್ತಾಗದಿದ್ದರೆ ಅದಕ್ಕೆ ಹಾಯಿ ಅಂತಲೇ ಅಲ್ಲವಾ ಹೇಳುದು?"

ಕಿತ್ತಳೆ ಸುಲಿಯುತ್ತಾ ಕೂತೆ. ಶುಗರ್ ಇದೆ ಅಂತ ನೆನಪಾಗಿ ಎರಡೇ ತೊಳೆ ಕೊಟ್ಟೆ.

ಮನೆಗೆ ಬಂದ ಮೇಲೆ ಕ್ರಮ ಬದಲಾಯಿತು. ಪ್ರತಿದಿನ ಬೆಳಿಗ್ಗೆ ಸಂಜೆ ನಾನು ನೆಲದಲ್ಲಿ ಕೂತು ಅವರ ಎರಡು ಪಾದ ನೋಡುತ್ತೇನೆ. ಬೆರಳ ಸಂದಿ, ಹಿಮ್ಮಡಿ, ಅಂಗಾಲು. ಬಿಸಿ ಇದೆಯಾ, ಕೆಂಪಾಗಿದೆಯಾ, ಉಗುರು ಬೆಳೆದಿದೆಯಾ. ಮೊದಮೊದಲು ಅವರು ಕಾಲು ಹಿಂದೆಳೆದುಕೊಳ್ಳುತ್ತಿದ್ದರು, "ಹಬ್ಬ ಅಲ್ಲವಲ್ಲ ಇವತ್ತು" ಅನ್ನುತ್ತಿದ್ದರು. ಈಗ ತಾವೇ ಸೀರೆ ಮೇಲೆತ್ತಿ ಚಾಚುತ್ತಾರೆ. ಸ್ವಂತ ಮಗ ಒಮ್ಮೆ ನೋಡುತ್ತೇನೆ ಅಂದಾಗ, "ನಿನಗೆ ಗೊತ್ತಾಗುವುದಿಲ್ಲ, ಅವಳು ಬರಲಿ" ಅಂದರು.

ಗಾಯ ಪೂರ್ತಿ ಒಣಗಲಿಕ್ಕೆ ಮೂರು ತಿಂಗಳು ಹಿಡಿಯಿತು. ಇನ್ನು ಬರಿಗಾಲಲ್ಲಿ ಒಂದು ಹೆಜ್ಜೆಯೂ ಇಡಬಾರದು, ಸಿಕ್ಕಿದ ಚಪ್ಪಲಿಯನ್ನೂ ಹಾಕಬಾರದು, ಇಂಥ ಕಾಲಿಗೆಂದೇ ಮಾಡಿಸಬೇಕು ಅಂತ ಡಾಕ್ಟರು ಹೇಳಿದ್ದರು. ಮಾಟುಂಗದಲ್ಲಿ ಅಂಥದ್ದನ್ನು ಮಾಡಿಕೊಡುವ ಒಬ್ಬ ಮುದುಕ ಇದ್ದಾನೆ. ಈ ಸಲ ನಾನು ಹಟ ಹಿಡಿದೆ. ಗಂಡ ಮತ್ತು ವಾಚ್‌ಮನ್ ಸೇರಿ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಎರಡು ಮಾಳಿಗೆ ಇಳಿಸಿದರು. ಟ್ಯಾಕ್ಸಿಯಲ್ಲಿ ಹೋದೆವು. ಆ ಮುದುಕ ಅವರನ್ನು ಕಾಗದದ ಮೇಲೆ ನಿಲ್ಲಿಸಿ ಎರಡೂ ಪಾದದ ಸುತ್ತ ಪೆನ್ಸಿಲ್ ಎಳೆದ. ಎಡಗಾಲಿನ ಗೆರೆ ಕಿರುಬೆರಳು ಇರಬೇಕಾದ ಕಡೆ ಓರೆಯಾಗಿ ಒಳಗೆ ಹೋಯಿತು. ಅತ್ತೆ ಅದನ್ನೇ ನೋಡಿದರು.

ಹದಿನೈದು ದಿನ ಬಿಟ್ಟು ಮತ್ತೆ ಹೋದೆವು. ಹೊಸ ಚಪ್ಪಲಿ ತಯಾರಾಗಿತ್ತು. ಅಗಲ, ಮೆತ್ತಗೆ, ಮುಂದೆ ಮುಚ್ಚಿದ್ದು, ಕಮಾನಿನ ಹತ್ತಿರ ಹದವಾಗಿ ಏರಿದ್ದು. ಅತ್ತೆಯ ಕಾಲಿಗೆ ಹಾಕಿ ಪಟ್ಟಿ ಅಂಟಿಸಿದೆ. ಅವರು ನನ್ನ ಹೆಗಲು ಹಿಡಿದು ಎದ್ದು ನಿಂತರು. ಅಭ್ಯಾಸಬಲದಿಂದ ಕೇಳಿದೆ, "ಹೇಗುಂಟು ಅತ್ತೆ?"

"ನನ್ನ ಹತ್ತಿರ ಎಂತ ಕೇಳುತ್ತೀ?" ಅಂದರು. "ನೀನು ನೋಡಿ ಹೇಳು."

ನಾನು ಅಂಗಡಿಯ ನೆಲದಲ್ಲಿ ಮೊಣಕಾಲೂರಿ ಕೂತೆ. ಚಪ್ಪಲಿ ಮತ್ತು ಪಾದದ ನಡುವೆ ಬೆರಳು ತೂರಿಸಿ ಸುತ್ತಲೂ ಸವರಿದೆ. ಬದಿಯಲ್ಲಿ ಸಡಿಲ, ಬೆರಳಿನ ಕಡೆ ಸಡಿಲ. ಬಲ ಹಿಮ್ಮಡಿಯ ಹಿಂದೆ ಒಂದು ಅಂಚು ಬೆರಳಿಗೆ ಗಟ್ಟಿಯಾಗಿ ತಾಗಿತು. ಅಲ್ಲೇ ಒತ್ತಿ ಹಿಡಿದೆ, ನನ್ನ ಬೆರಳಿಗೆ ನೋವಾಯಿತು. ತಲೆಯೆತ್ತಿ ನೋಡಿದೆ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು.

"ಇದು ಒತ್ತುತ್ತದೆ ಅತ್ತೆ. ಬೇಡ, ಬಿಚ್ಚಿ" ಅಂದೆ.

ಅವರು ಕೂತರು. ಮೊದಲು ಒಂದು ಕಾಲು, ಆಮೇಲೆ ಇನ್ನೊಂದು ಕಾಲು ನನ್ನ ಕೈಗೆ ಕೊಟ್ಟರು. ಯಾಕೆ ಅಂತ ಕೇಳಲಿಲ್ಲ. ನಿನಗೆ ಏನು ತಿಳಿಯುತ್ತದೆ ಅನ್ನಲಿಲ್ಲ. ಮುದುಕ ಚಪ್ಪಲಿ ತೆಗೆದುಕೊಂಡು ಅಂಚು ತಿದ್ದಲಿಕ್ಕೆ ಒಳಗೆ ಹೋದ. ಅತ್ತೆ ಎರಡೂ ಪಾದಗಳನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡು, ನಾನು ಮುಂದೆ ಏನು ಹೇಳುತ್ತೇನೋ ಅಂತ ಕಾಯುತ್ತಾ ಕೂತರು. ಆ ಹೊತ್ತಿಗೆ ಅವರು ಒಂದೇ ಒಂದು ಕೊಂಕು ಮಾತು ಆಡಿದ್ದರೆ, ನನ್ನ ಹಳೆಯ ಅತ್ತೆ ವಾಪಸು ಸಿಕ್ಕಿದರು ಅಂತ ನಾನು ಅಲ್ಲೇ ಅಂಗಡಿಗೆ ಬಂದವರೆಲ್ಲರ ಎದುರು ಅವರಿಗೆ ಅಡ್ಡಬೀಳುತ್ತಿದ್ದೆ.